ವರಸೆ

ಭಾನುವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿದೆ ಎನ್ನುವಾಗ ಬನಶಂಕರಿ ಎರಡನೇ ಹಂತದ ಒಂದು ಶಾಲೆಯ ತಾರಸಿಯ ಮೇಲೆ, ಶೀಟಿನ ಮಾಡಿನ ಕೆಳಗೆ, ಇಪ್ಪತ್ತೈದು ಮೂವತ್ತು ಜನ ಬರಿಗಾಲಲ್ಲಿ ಸಾಲು ಕಟ್ಟುತ್ತೇವೆ. ಬಲತುದಿಗೆ ಹಿರಿಯರು, ಎಡಕ್ಕೆ ಸರಿದಂತೆ ಕಿರಿಯರು. ಹಿರಿತನ ಅಳೆಯುವುದು ತಲೆಗೂದಲಿನಿಂದಲ್ಲ, ಸೊಂಟದ ಬೆಲ್ಟಿನಿಂದ. ನನ್ನ ಬಲಕ್ಕೆ ನಿಲ್ಲುವವಳು ಸೆಕೆಂಡ್ ಪಿಯುಸಿ ಓದುವ ಹುಡುಗಿ. ನನ್ನ ಎಡಕ್ಕೆ ಅರವತ್ತೆರಡು ವಯಸ್ಸಿನ ನಿವೃತ್ತ ಎಂಜಿನಿಯರು, ಬ್ರೌನ್ ಬೆಲ್ಟು. ಸಾಲಿನ ಬಾಲದಲ್ಲಿ, ಪ್ಯಾಂಟಿನ ಕಾಲನ್ನು ಎರಡು ಸಲ ಮಡಚಿಕೊಂಡ ಒಂಬತ್ತು ವರ್ಷದ ಹಳದಿ ಬೆಲ್ಟಿನ ಹುಡುಗ. ನನಗೆ ನಲವತ್ತೊಂಬತ್ತು.

ಹೆಸರಿಗೆ ಇದು ಬ್ಲ್ಯಾಕ್ ಬೆಲ್ಟ್ ಕ್ಲಾಸು. ಜಯನಗರ, ಜೆ.ಪಿ. ನಗರ, ಬಿಟಿಎಂ ಮೂರೂ ಕಡೆಯ ಕ್ಲಾಸುಗಳ ಕಪ್ಪು ಬೆಲ್ಟಿನವರು ವಾರಕ್ಕೊಮ್ಮೆ ಒಂದೆಡೆ ಸೇರಲಿ ಎಂದು ಮಾಸ್ಟರ್ ಶುರು ಮಾಡಿದ್ದು. ಆಮೇಲೆ ಬ್ರೌನ್ ಬೆಲ್ಟಿನವರೂ ಬರಬಹುದು ಎಂದಾಯಿತು. ಬ್ರೌನ್ ಬೆಲ್ಟಿನ ಅಕ್ಕನನ್ನು ಬಿಡಲು ಬಂದ ಅಪ್ಪನ ಸ್ಕೂಟರಿನ ಮುಂದೆ ತಮ್ಮನೂ ನಿಂತು ಬಂದಿದ್ದರೆ, ಅವನನ್ನು ವಾಪಸು ಕಳಿಸುವುದು ಹೇಗೆ? ಅವನೂ ಬಂದ. ಈಗ ಈ ಸಾಲಿನಲ್ಲಿ ಇಲ್ಲದ ಬಣ್ಣವಿಲ್ಲ.

ನಾನು ಕೆಲಸ ಮಾಡುವ ಇಲಾಖೆಯಲ್ಲಿ ಜ್ಯೇಷ್ಠತಾ ಪಟ್ಟಿ ಎಂಬುದೊಂದಿದೆ. ಅದರಲ್ಲಿ ಒಂದು ಹೆಸರು ಒಂದು ಸಾಲು ಕೆಳಗಿಳಿದರೂ ಜನ ಕೆಎಟಿ ಮೆಟ್ಟಿಲು ಹತ್ತುತ್ತಾರೆ. ಅಂಥ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ನನಗೆ, ಹದಿನೇಳರ ಹುಡುಗಿಯ ಎಡಕ್ಕೆ ನಿಲ್ಲುವುದು ಮೊದಮೊದಲು ಏನೂ ಅನ್ನಿಸಲಿಲ್ಲ. ನಿಯಮ ನಿಯಮವೇ. ಅನ್ನಿಸಿದ್ದು ನಮ್ಮತ್ತೆಗೆ.

ಅತ್ತೆಗೆ ಎಂಬತ್ತೊಂದು. ಕೋಲಾರದ ಕಡೆಯವರು. ‘ಆ ಮಗು ನಿಂಗೆ ಹೇಳಿಕೊಡ್ತಾಳಾ? ವರಸೇಲಿ ಅವಳು ನಿಂಗೇನಾಗ್ಬೇಕು?’ ಎಂದು ಕೇಳಿದರು. ಅವರ ಮಾತಿನಲ್ಲಿ ವರಸೆ ಎಂದರೆ ನಂಟಿನ ಲೆಕ್ಕ. ಅತ್ತೆ ವರಸೆ, ಚಿಕ್ಕಮ್ಮನ ವರಸೆ, ನಾದಿನಿ ವರಸೆ. ಮದುವೆಮನೆಯಲ್ಲಿ ಅಪರಿಚಿತರು ಸಿಕ್ಕರೆ ಅವರು ಮೊದಲು ವರಸೆ ಬಿಡಿಸಿಕೊಳ್ಳುತ್ತಾರೆ, ಆಮೇಲೆ ಊಟ ಆಯಿತಾ ಎಂದು ಕೇಳುತ್ತಾರೆ. ವರಸೆ ತಿಳಿಯದೆ ಒಬ್ಬರನ್ನು ಏನೆಂದು ಕರೆಯುವುದು, ನೀನು ಎನ್ನುವುದೋ ನೀವು ಎನ್ನುವುದೋ?

‘ಅವಳು ಸೀನಿಯರ್ ಅತ್ತೆ. ನಾನು ಶೋದಾನ್, ಅವಳು ನಿದಾನ್.’

‘ನಿಧಾನ ಇದ್ರೆ ಒಳ್ಳೇದೇ. ಮಾಸ್ಟ್ರು?’

‘ಅವರು ಗೋದಾನ್.’

‘ಪುಣ್ಯವಂತರು’ ಎಂದು ಅತ್ತೆ ಕೈಮುಗಿದರು.

ದಾನ್ ಎಂದರೆ ಮೆಟ್ಟಿಲು, ಐದನೆಯದು ಗೋದಾನ್ ಎಂದು ನಾನು ಬಿಡಿಸಿ ಹೇಳಲು ಹೋಗಲಿಲ್ಲ. ನಾಲ್ಕಕ್ಕೆ ಜಪಾನಿಯಲ್ಲಿ ಶಿ ಎಂಬ ಮಾತಿದೆ. ಸಾವಿಗೂ ಅದೇ ಸದ್ದಾದ್ದರಿಂದ ನಾಲ್ಕನೇ ದಾನ್ ಅನ್ನು ಯೋನ್‌ದಾನ್ ಎನ್ನುತ್ತಾರೆ ಎಂದಿದ್ದರೆ ಅತ್ತೆಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಕಣದಲ್ಲಿ ರಾಗಿ ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡಿದ ಮನೆಯವರು ಅವರು.

ನಾನಾಗಿ ಕರಾಟೆ ಕಲಿಯಲು ಹೋದವಳಲ್ಲ. ಮಗಳನ್ನು ಸೇರಿಸಿದ್ದು. ಜಯನಗರದಲ್ಲಿ ಸಂಜೆ ಹೊತ್ತು ಯಾವ ಅಡ್ಡರಸ್ತೆ ಹೊಕ್ಕರೂ ಒಂದು ಮನೆಯಲ್ಲಿ ಸರಳೆ ವರಸೆ, ಇನ್ನೊಂದರಲ್ಲಿ ತಟ್ಟುಮೆಟ್ಟು, ಮೂರನೆಯದರಲ್ಲಿ ಅಬಾಕಸ್. ಮಕ್ಕಳು ಒಳಗೆ, ತಾಯಂದಿರು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ವಾರಕ್ಕೆ ಮೂರು ಸಂಜೆ ಆ ಕುರ್ಚಿಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದ ನನ್ನನ್ನು ನೋಡಿ ಮಾಸ್ಟರ್ ಒಂದು ದಿನ, ‘ಕೂತು ಸೊಂಟ ನೋಯಿಸ್ಕೊಳ್ಳೋ ಬದಲು ಒಳಗೆ ನಿಂತು ನೋಯಿಸ್ಕೊಳ್ಳಿ ಮೇಡಂ’ ಎಂದರು. ವಾರದ ದಿನಗಳಲ್ಲಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿರುವವರು, ಮಾತು ಕಡಿಮೆ. ಬೋರ್ಡಿನ ಮೇಲೆ ಸೆನ್ಸೇಯ್ ಎಂದು ಬರೆದಿದ್ದರೂ ಎಲ್ಲರ ಬಾಯಲ್ಲೂ ಅವರು ಮಾಸ್ಟರ್. ಮೂವತ್ತೊಂಬತ್ತನೇ ವಯಸ್ಸಿಗೆ ಮಗಳ ಸಾಲಿನಲ್ಲಿ, ಮಗಳಿಂದ ನಾಲ್ಕು ಜಾಗ ಎಡಕ್ಕೆ ನಿಂತೆ.

ಮಗಳು ಬ್ರೌನ್ ಬೆಲ್ಟಿನವರೆಗೆ ಬಂದು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದಳು. ಅವಳೊಬ್ಬಳೇ ಅಲ್ಲ. ನಮ್ಮ ಕಡೆಯ ಯಾವ ಕರಾಟೆ ಕ್ಲಾಸಿನಲ್ಲಿ ಬೇಕಾದರೂ ನೋಡಿ: ಐದನೇ ಕ್ಲಾಸಿನವರು ಮೂವತ್ತು ಜನ, ಎಂಟನೇ ಕ್ಲಾಸಿನವರು ಹನ್ನೆರಡು, ಒಂಬತ್ತರವರು ಐದು. ಹತ್ತಕ್ಕೆ ಬಂದೊಡನೆ ಟ್ಯೂಷನ್ ಎಂಬ ಪ್ರವಾಹ ಬಂದು ಎಲ್ಲರನ್ನೂ ಕೊಚ್ಚಿಕೊಂಡು ಹೋಗುತ್ತದೆ. ಆಮೇಲೆ ಹತ್ತು ವರ್ಷ ಆ ವಯಸ್ಸಿನವರೇ ಇರುವುದಿಲ್ಲ. ಕೆಲಸ ಸಿಕ್ಕಿ, ಬೆನ್ನು ನೋವು ಶುರುವಾಗಿ, ಡಾಕ್ಟರು ಹೆದರಿಸಿದ ಮೇಲೆ ಕೆಲವರು ವಾಪಸು ಬರುತ್ತಾರೆ. ಹೀಗಾಗಿ ನಮ್ಮ ಸಾಲಿನಲ್ಲಿ ಒಂದೋ ಮಕ್ಕಳು, ಇಲ್ಲವೇ ಮಕ್ಕಳನ್ನು ಹೆತ್ತವರು. ನಡುವೆ ನಿಂತ ಆ ಪಿಯುಸಿ ಹುಡುಗಿ ಪ್ರವಾಹದಲ್ಲಿ ಉಳಿದ ಒಂಟಿ ಮರ.

ಬಿಟಿಎಂ ಕಡೆಯಿಂದ ಬರುವವರು ಬೇರೆ ಬಗೆಯವರು. ಐಟಿ ಕೆಲಸಕ್ಕೆಂದು ಒಡಿಶಾದಿಂದ, ಕೇರಳದಿಂದ, ಬಿಹಾರದಿಂದ ಬಂದು ಪಿಜಿಗಳಲ್ಲಿರುವ ಹುಡುಗರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು ಮೂರು ಇಂಗ್ಲಿಷ್ ಅಕ್ಷರಗಳಾಗಿ ಕುಗ್ಗಿವೆ ಎಂದು ಅವರಿಗೆ ಗೊತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ಅದರಲ್ಲಿ ಆರ್.ವಿ. ರೋಡಿಗೆ ಬಂದು, ಹಸಿರು ಮಾರ್ಗ ಹತ್ತಿ ಮುಂದಿನ ನಿಲ್ದಾಣದಲ್ಲೇ ಇಳಿಯುತ್ತಾರೆ. ಅವರಲ್ಲೊಬ್ಬ, ‘ನಾನು ಕ್ಲಾಸಿನಲ್ಲಿ ಎರಡು ವರ್ಷ ತೆಗೆದುಕೊಂಡಿದ್ದನ್ನು ಆರ್.ವಿ. ರೋಡಿನಲ್ಲಿ ಎರಡು ನಿಮಿಷದಲ್ಲಿ ಮಾಡಿ ಮುಗಿಸುತ್ತೇನೆ, ಹಳದಿಯಿಂದ ಹಸಿರಿಗೆ’ ಎಂದಿದ್ದ. ಈ ಹುಡುಗರ ಹಿಂದಿ ನಿವೃತ್ತ ಎಂಜಿನಿಯರಿಗೆ ಅರ್ಧ ತಿಳಿಯುತ್ತದೆ, ಎಂಜಿನಿಯರ ಕನ್ನಡ ಅವರಿಗೆ ಕಾಲುಭಾಗ. ಆದರೆ ‘ಇಚಿ, ನಿ, ಸಾನ್’ ಎಂದೊಡನೆ ಮೂವತ್ತು ಕಾಲು ಒಟ್ಟಿಗೆ ಏಳುತ್ತದೆ. ಎಲ್ಲರಿಗೂ ಸಮಾನವಾಗಿ ಬಾರದ ಭಾಷೆಯೊಂದಿದ್ದರೆ ಜಗಳ ಎಷ್ಟು ಕಡಿಮೆ!

ಬೆಲ್ಟುಗಳ ಬಗ್ಗೆ ಒಂದು ಮಾತು. ಕಪ್ಪು ಬೆಲ್ಟು ಬುದ್ಧನ ಕಾಲದಿಂದ ಬಂದ ಮಹಾ ರಹಸ್ಯವೆಂದು ನಾನೂ ನಂಬಿದ್ದೆ. ಅದು ಅಷ್ಟೇನೂ ಹಳೆಯದಲ್ಲ, ಮೂಲದಲ್ಲಿ ಕರಾಟೆಯದೂ ಅಲ್ಲ. ಜೂಡೊ ಕಟ್ಟಿದ ಕಾನೊ ಜಿಗೊರೊ ಎಂಬ ಮೇಷ್ಟ್ರು 1883ರಲ್ಲಿ ತಮ್ಮ ಇಬ್ಬರು ಶಿಷ್ಯರಿಗೆ ದಾನ್ ಕೊಟ್ಟು ಈ ಪದ್ಧತಿ ಆರಂಭಿಸಿದರು. ಕರಾಟೆಯ ತವರಾದ ಓಕಿನಾವಾದಲ್ಲಿ ಬೆಲ್ಟೂ ಇರಲಿಲ್ಲ, ಬಿಳಿ ಉಡುಪೂ ಇರಲಿಲ್ಲ. ಅಲ್ಲಿನ ಶಾಲಾ ಮೇಷ್ಟ್ರು ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದರು. ಎರಡು ವರ್ಷದ ಮೇಲೆ, 1924ರಲ್ಲಿ, ಕಾನೊ ಅವರ ಪದ್ಧತಿಯನ್ನೇ ಅನುಸರಿಸಿ ತಮ್ಮ ಶಿಷ್ಯರಿಗೆ ಮೊದಲ ದಾನ್‌ಗಳನ್ನು ಕೊಟ್ಟರು. ಅಂದರೆ ಇದೆಲ್ಲ ಮೇಷ್ಟ್ರುಗಳ ಕೆಲಸ. ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂದು ವಿಂಗಡಿಸದೆ ಅವರಿಗೆ ಪಾಠ ಮಾಡಲು ಬರುವುದಿಲ್ಲ.

ಬಿಳಿ ಬೆಲ್ಟು ಬೆವರು, ಮಣ್ಣು, ರಕ್ತ ಹತ್ತಿ ವರ್ಷಾನುಗಟ್ಟಲೆ ಕೊಳೆತು ಕಪ್ಪಾಯಿತು ಎಂಬ ಕತೆಯನ್ನು ಎಲ್ಲ ಕ್ಲಾಸಿನಲ್ಲೂ ಹೇಳುತ್ತಾರೆ. ಬಟ್ಟೆ ಒಗೆದು ಗೊತ್ತಿರುವ ಯಾವ ಹೆಂಗಸೂ ಇದನ್ನು ನಂಬುವುದಿಲ್ಲ. ಬೆವರಿಗೆ ಬಿಳಿ ಬಟ್ಟೆ ಹಳದಿಯಾಗುತ್ತದೆ, ಕಪ್ಪಾಗುವುದಿಲ್ಲ. ಉಲ್ಟಾ ನಡೆಯುವುದು ಮಾತ್ರ ನಿಜ: ಮಾಸ್ಟರ್ ಬೆಲ್ಟು ಗಂಟು ಹಾಕುವ ಜಾಗದಲ್ಲಿ ಸವೆದು, ಒಳಗಿನ ಬಿಳಿ ಕಾಣುತ್ತಿದೆ. ಕಪ್ಪು ಹೋಗಿ ಮತ್ತೆ ಬಿಳಿ, ಕಲಿತವನು ಮತ್ತೆ ಹೊಸಬ, ಎಂದು ಬಿಟಿಎಂ ಹುಡುಗನೊಬ್ಬ ಕಣ್ಣರಳಿಸಿ ವೇದಾಂತ ಹೇಳಿದ. ಮಾಸ್ಟರ್ ತಲೆ ಬಗ್ಗಿಸಿ ಬೆಲ್ಟು ನೋಡಿಕೊಂಡು, ‘ಇದು ಸ್ಯಾಟಿನ್. ಕಾಟನ್ ತಗೊಂಡಿದ್ರೆ ಹೀಗಾಗ್ತಿರ್ಲಿಲ್ಲ’ ಎಂದರು.

ಒಂದೂವರೆ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟು ಎಂದು ಬೋರ್ಡು ಹಾಕಿದ ಕ್ಲಾಸುಗಳೂ ಊರಿನಲ್ಲಿವೆ. ಅಲ್ಲಿ ಮೂರು ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಫೀಸು, ಫೀಸಿಗೊಂದು ಫೋಟೊ. ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಆದರೆ ಶೋದಾನ್ ಎಂಬ ಮಾತಿನ ಅರ್ಥ ತಿಳಿದಿದ್ದರೆ ಆ ಅವಸರ ಇರುತ್ತಿರಲಿಲ್ಲವೇನೋ. ಅದು ‘ಒಂದನೇ’ ದಾನ್ ಅಲ್ಲ, ‘ಆರಂಭದ’ ದಾನ್. ಹತ್ತು ವರ್ಷದ ಹಿಂದೆ ನಾನು ಕೈಕಾಲು ಆಡಿಸಲು ಶುರು ಮಾಡಿದ್ದು, ಮೂರು ವರ್ಷದ ಹಿಂದೆ ನನಗೆ ಕೊಟ್ಟದ್ದು ಓನಾಮ ಬರೆದ ಸ್ಲೇಟು.

ಈಗ ಜೋಡಿ ಕಟ್ಟುವ ವಿಷಯ. ಮಿಶ್ರ ಸಾಲಿನ ನಿಜವಾದ ಮಜಾ ಇರುವುದು ಇಲ್ಲಿ. ಗೋಹೊನ್ ಕುಮಿತೆ ಎಂದು ಒಂದು ಅಭ್ಯಾಸವಿದೆ. ಎರಡು ಸಾಲು ಎದುರುಬದುರು. ಹೊಡೆಯುವವರು ಮುಖಕ್ಕೋ ಹೊಟ್ಟೆಗೋ ಎಂದು ಮೊದಲೇ ಕೂಗಿ ಹೇಳಿ, ಐದು ಹೆಜ್ಜೆ ಮುಂದೆ ಬಂದು ಐದು ಗುದ್ದು ಎಸೆಯುತ್ತಾರೆ. ತಡೆಯುವವರು ಐದು ಹೆಜ್ಜೆ ಹಿಂದೆ ಸರಿದು ಐದನ್ನೂ ತಡೆದು ಕೊನೆಗೆ ತಾವೊಂದು ಕೊಡುತ್ತಾರೆ. ಇಷ್ಟು ಮರ್ಯಾದೆಯಿಂದ, ಮುನ್ಸೂಚನೆ ಕೊಟ್ಟು ಹೊಡೆಯುವವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಗುವುದಿಲ್ಲ. ಒಂದು ಸುತ್ತು ಮುಗಿದರೆ ಎಲ್ಲರೂ ಒಂದೊಂದು ಜಾಗ ಜರುಗಬೇಕು. ಹೀಗಾಗಿ ಹತ್ತು ನಿಮಿಷದಲ್ಲಿ ನನ್ನೆದುರು ಮೂರನೇ ದಾನ್‌ನ ಗಂಡಸು, ಹಸಿರು ಬೆಲ್ಟಿನ ಹುಡುಗ, ನನ್ನ ಸೊಂಟದೆತ್ತರದ ಕೂಸು, ಎಂಜಿನಿಯರು, ಪಿಯುಸಿ ಹುಡುಗಿ ಎಲ್ಲರೂ ಬಂದು ಹೋಗುತ್ತಾರೆ.

ಯಾರಿಗೆ ಹೆದರಬೇಕು? ಮೊದಲ ವರ್ಷ ನಾನು ಕಪ್ಪು ಬೆಲ್ಟಿನವರಿಗೆ ಹೆದರುತ್ತಿದ್ದೆ. ಮೂರನೇ ದಾನ್‌ನವರ ಗುದ್ದು ಬರುವುದು ಕಾಣುವುದಿಲ್ಲ, ಮೂಗಿನ ಮುಂದೆ ನಿಂತಿರುವುದು ಕಾಣುತ್ತದೆ. ರೆಪ್ಪೆಗೆ ಗಾಳಿ ತಾಗುತ್ತದೆ, ಚರ್ಮಕ್ಕೆ ಏನೂ ತಾಗುವುದಿಲ್ಲ. ಸುನ್‌ದೊಮೆ ಎನ್ನುತ್ತಾರೆ, ಸುನ್ ಎಂದರೆ ಸುಮಾರು ಮೂರು ಸೆಂಟಿಮೀಟರು, ಅಷ್ಟು ದೂರದಲ್ಲಿ ಹೊಡೆತವನ್ನು ನಿಲ್ಲಿಸುವುದು. ಹೊಡೆಯುವುದನ್ನು ಕಲಿಯಲು ಒಂದು ವರ್ಷ ಸಾಕು, ನಿಲ್ಲಿಸುವುದಕ್ಕೆ ಹತ್ತು ಬೇಕು. ನನ್ನ ಎಡಗೈಯ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅದನ್ನು ಹಾಗೆ ಮಾಡಿದವನು ದಾನ್ ಹೊತ್ತವನಲ್ಲ, ಸೇರಿ ನಾಲ್ಕು ತಿಂಗಳಾಗಿದ್ದ, ಒಳ್ಳೆ ಮೈಕಟ್ಟಿನ, ತುಂಬ ವಿನಯವಂತ ಹುಡುಗ. ಒದ್ದ ಮೇಲೆ ಹನ್ನೆರಡು ಸಲ ಸಾರಿ ಕೇಳಿದ.

ಇದನ್ನು ನಮ್ಮ ತಂದೆಗೆ ಹೇಳಿದಾಗ ನಕ್ಕರು. ಮೈಸೂರಿನಲ್ಲಿ ಹುಡುಗರಾಗಿದ್ದಾಗ ಗರಡಿಗೆ ಹೋಗಿ ಸಾಮು ತೆಗೆದವರು. ‘ಗರಡೀಲಿ ಹೊಸಬನಿಗೆ ಹೊಸಬನ್ನ ಯಾವತ್ತೂ ಜೋಡಿ ಹಾಕ್ತಿರ್ಲಿಲ್ಲಮ್ಮ. ಇಬ್ರೂ ಮೂಳೆ ಮುರ್ಕೋತಾರೆ. ಹಳೇ ಪೈಲ್ವಾನನ ಕೈಗೆ ಕೊಡೋರು. ಅವನು ಎತ್ತಿ ಹಾಕ್ತಿದ್ದ, ಆದ್ರೆ ಮಣ್ಣು ಎಲ್ಲಿದೆ ನೋಡಿ ಹಾಕ್ತಿದ್ದ’ ಎಂದರು. ಜೊತೆಗೆ ಹಳೆಯವನಿಗೆ ಇದರಿಂದ ಏನು ಲಾಭ ಎಂಬುದನ್ನೂ ಹೇಳಿದರು: ಹೊಸಬ ಪಟ್ಟಿನ ಹೆಸರು ಗೊತ್ತಿಲ್ಲದೆ ಹೇಗೆ ಬೇಕಾದರೂ ಹಿಡಿಯುತ್ತಾನೆ, ಬೀದಿಜಗಳದಲ್ಲಿ ಹಿಡಿಯುವ ಹಾಗೆ, ಪಟ್ಟು ಬಲ್ಲವರ ಜೊತೆಗೇ ಆಡಿದವನಿಗೆ ಆ ಹಿಡಿತ ಗೊತ್ತಾಗುವುದೇ ಇಲ್ಲ. ಮೈಸೂರು ದಸರೆಯಲ್ಲಿ ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ಮಾತ್ರ ಸಮಸಮ ಜೋಡಿ. ಅದು ನೆತ್ತಿಯಿಂದ ಮೊದಲ ಹನಿ ರಕ್ತ ಇಳಿದೊಡನೆ ಮುಗಿಯುತ್ತದೆ. ನಮ್ಮದು ಭಾನುವಾರದ ಕ್ಲಾಸು, ಮುಗಿಯುವುದು ದರ್ಶಿನಿಯ ಖಾಲಿ ದೋಸೆಯಲ್ಲಿ.

ಚಿಕ್ಕವರೆದುರು ನಿಂತಾಗ ಇನ್ನೊಂದು ಪೇಚು. ‘ಜೋದಾನ್’ ಎಂದರೆ ಮುಖಕ್ಕೆ. ಒಂಬತ್ತು ವರ್ಷದವನ ಮುಖ ನನ್ನ ಹೊಟ್ಟೆಯ ನೇರಕ್ಕಿದೆ. ಅವನಿಗೆ ನನ್ನ ಮುಖ ಎಟುಕುವುದಿಲ್ಲ. ನಾನು ಹೆಜ್ಜೆಯನ್ನು ಇನ್ನಷ್ಟು ಉದ್ದ ಮಾಡಿ, ಮಂಡಿ ಇನ್ನಷ್ಟು ಬಗ್ಗಿಸಿ, ಕೆಳಗಿಳಿದು ಅವನ ಎತ್ತರಕ್ಕೆ ಬರಬೇಕು. ಐದು ಹೆಜ್ಜೆ ಹಾಗೆ ನಡೆದರೆ ತೊಡೆ ಉರಿಯುತ್ತದೆ. ಮಾಸ್ಟರ್ ವರ್ಷಗಟ್ಟಲೆ ‘ಕೆಳಗೆ, ಇನ್ನೂ ಕೆಳಗೆ’ ಎಂದು ಕೂಗಿ ನನ್ನಿಂದ ಮಾಡಿಸಲಾಗದ ಆಳದ ನಿಲುವನ್ನು ಆ ಹುಡುಗ ಸುಮ್ಮನೆ ಕುಳ್ಳಗಿದ್ದೇ ಮಾಡಿಸಿದ.

ಕರೆಯುವ ಕಷ್ಟ ಹಾಗೇ ಉಳಿದಿತ್ತು. ಜಪಾನಿ ಪದ್ಧತಿಯಲ್ಲಿ ಹಿರಿಯ ವಿದ್ಯಾರ್ಥಿ ಸೆಂಪೈ, ಕಿರಿಯ ಕೋಹೈ. ನಮ್ಮ ಮಕ್ಕಳು ನನ್ನನ್ನು ಏನೆಂದು ಕರೆಯಬೇಕು? ಬೆಲ್ಟು ನೋಡಿದರೆ ಸೆಂಪೈ, ಮುಖ ನೋಡಿದರೆ ಆಂಟಿ. ಅವರೇ ಸಂಧಿ ಮಾಡಿದರು: ‘ಸೆಂಪೈ ಆಂಟಿ’. ಎಂಜಿನಿಯರು ‘ಬ್ರೌನ್ ಅಂಕಲ್’. ಓಕಿನಾವಾದವರು ಕೇಳಿಸಿಕೊಂಡರೆ ಏನೆನ್ನುತ್ತಾರೋ. ನಮಗೆ ಇದಕ್ಕಿಂತ ಖಚಿತವಾದ ಪದವಿ ಇನ್ನೊಂದಿಲ್ಲ.

ಪಿಯುಸಿ ಹುಡುಗಿಗೂ ನನ್ನನ್ನು ಕರೆಯುವುದರಲ್ಲಿ ತೊಡಕಿಲ್ಲ. ‘ಆಂಟಿ, ಮೊಣಕೈ ಒಳಗೆ ತಗೊಳ್ಳಿ. ಆಂಟಿ, ಹಿಮ್ಮಡಿ ಎತ್ತಬೇಡಿ.’ ತೊಡಕಿರುವುದು ನನಗೆ. ನನ್ನ ಮಗಳಿಗಿಂತ ಚಿಕ್ಕವಳನ್ನು ನೀವು ಎನ್ನಲು ನಾಲಗೆ ಹೊರಳುವುದಿಲ್ಲ. ಬಲಕ್ಕೆ ನಿಂತು ನನ್ನ ಭುಜ ಸರಿಪಡಿಸುತ್ತಿರುವವಳನ್ನು ನೀನು ಎನ್ನಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಕನ್ನಡದಲ್ಲಿರುವ ಒಂದು ಕಳ್ಳದಾರಿ ಹಿಡಿದೆ: ಯಾರನ್ನೂ ಕರೆಯದೆ ಮಾತಾಡುವುದು. ‘ಇದನ್ನ ಹೇಗೆ ಮಾಡೋದು?’ ‘ಇಲ್ಲಿ ತಿರುಗ್ಬೇಕಾ?’ ‘ಇನ್ನೊಂದ್ಸಲ ತೋರಿಸಿದ್ರೆ ಆಗ್ತಿತ್ತು.’ ಗಂಡನ ಹೆಸರು ಹೇಳಬಾರದ ಕಾಲದಲ್ಲಿ ನಮ್ಮಜ್ಜಿಯರು ಹೀಗೇ ಇಡೀ ಸಂಸಾರ ನಡೆಸಿದ್ದರು. ನಾನು ಎರಡು ವರ್ಷ ಒಂದು ಕ್ಲಾಸು ನಡೆಸಿದೆ.

ಹಳದಿ ಬೆಲ್ಟಿನ ಹುಡುಗನ ಪರಿಚಯವಾದದ್ದು ನಾನು ತಡವಾಗಿ ಹೋದ ದಿನ. ತಿಂಡಿ ಅರ್ಧಕ್ಕೆ ಬಂದಾಗ ಗ್ಯಾಸ್ ಮುಗಿದಿತ್ತು. ತಡವಾಗಿ ಬಂದವರು ಬಾಗಿಲ ಬಳಿ ಮಂಡಿಯೂರಿ ಕೂರಬೇಕು; ಮಾಸ್ಟರ್ ಕಣ್ಸನ್ನೆ ಮಾಡಿದ ಮೇಲೆ, ಬೆಲ್ಟು ಯಾವುದೇ ಇರಲಿ, ಸಾಲಿನ ಎಡತುದಿಗೆ ಹೋಗಿ ನಿಲ್ಲಬೇಕು. ಜೆ.ಪಿ. ನಗರದ ರಂಗಶಂಕರಕ್ಕಿಂತ ಇದು ಮೆದು. ಅಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೇ ಬಿಡುವುದಿಲ್ಲ. ಹಾಗೆ ನೋಡಿದರೆ ಎರಡಕ್ಕೂ ನಂಟಿದೆ. ನನ್ನ ತಲೆಮಾರಿಗೆ ಕರಾಟೆ ಬಂದದ್ದು ಓಕಿನಾವಾದಿಂದಲ್ಲ, ಶಂಕರ್‌ನಾಗ್ ಅವರಿಂದ. ಕರಾಟೆ ಕಿಂಗ್ ಎಂದು ಅಭಿಮಾನಿಗಳು ಕಟ್ಟಿದ ಬಿರುದು ಇವತ್ತಿಗೂ ಆಟೋಗಳ ಹಿಂದೆ ಓಡಾಡುತ್ತಿದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತವಾಗಿ ಅವರು ಹೋದಾಗ ಇನ್ನೂ ಮೂವತ್ತೈದು. ಅವರ ನೆನಪಿಗೆ ಅರುಂಧತಿ ನಾಗ್ ಕಟ್ಟಿದ ರಂಗಮಂದಿರ ತೆರೆದದ್ದು 2004ರಲ್ಲಿ. ಅಲ್ಲಿಯ ಬಾಗಿಲು ಮುಚ್ಚಿದ್ದನ್ನು ಕಂಡು ಎರಡು ಸಲ ವಾಪಸು ಬಂದವಳು ನಾನು. ಇಲ್ಲಿ ಎಡತುದಿಯಾದರೂ ಸಿಕ್ಕಿತು.

ಎಡತುದಿಯಿಂದ ಕ್ಲಾಸು ಬೇರೆಯೇ ಕಾಣುತ್ತದೆ. ಅವತ್ತು ಎಲ್ಲರಿಗೂ ಹೆಯಾನ್ ಶೋದಾನ್. ಇಪ್ಪತ್ತೊಂದು ಚಲನೆಯ ಕಟಾ, ಹೊಸಬರಿಗೆ ಕಲಿಸುವಂಥದ್ದು. ಇತೊಸು ಆಂಕೊ ಎಂಬ ಓಕಿನಾವಾದ ಗುರು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಶಾಲಾಮಕ್ಕಳಿಗೆಂದು ಹೊಂದಿಸಿದ ಐದು ಕಟಾಗಳಲ್ಲಿ ಇದು ಎರಡನೆಯದಾಗಿತ್ತು. ಇದೇ ಸುಲಭ ಎಂದು ಫುನಾಕೋಶಿ ಮೊದಲಕ್ಕೆ ತಂದರು. ನಮ್ಮ ಪುರಂದರದಾಸರು ಸರಳೆಯನ್ನು ಮೊದಲಿಟ್ಟು ಜಂಟಿಯನ್ನು ಆಮೇಲಿಟ್ಟ ಹಾಗೆ. ಕಟಾ ಎಂಬುದಕ್ಕೆ ಕನ್ನಡ ಮಾತು ಹುಡುಕಬೇಕಿಲ್ಲ, ಇದೆ: ವರಸೆ. ಸಂಗೀತದ ಮೇಷ್ಟ್ರದೂ ಅದೇ, ಕತ್ತಿವರಸೆಯವರದೂ ಅದೇ.

ನಾವು ಸಾಲು ಸಾಲಾಗಿ ನಿಂತು ಕಟಾ ಮಾಡುತ್ತೇವೆ, ಕಪ್ಪು ಬೆಲ್ಟಿನವರು ಮುಂದೆ, ಮಕ್ಕಳು ಹಿಂದೆ. ಮಕ್ಕಳು ನಮ್ಮ ಬೆನ್ನು ನೋಡಿಕೊಂಡು ಮಾಡುತ್ತಾರೆ. ಆದರೆ ಕಟಾ ಒಂದೇ ದಿಕ್ಕಿಗೆ ನಡೆಯುವುದಿಲ್ಲ. ಮುಂದಕ್ಕೆ ಹೋಗಿ, ಮೂರನೇ ತಡೆಗೆ ಕಿಯಾಯ್ ಎಂದು ಅಬ್ಬರಿಸಿ, ಅತ್ತಿತ್ತ ತಿರುಗಿ, ಕೊನೆಗೆ ಬಂದ ದಾರಿಯಲ್ಲೇ ಹಿಂದಿನ ಗೋಡೆಯ ಕಡೆಗೆ ಮೂರು ಗುದ್ದು ಹೊಡೆಯುತ್ತಾ ಬರಬೇಕು. ಆ ಕ್ಷಣದಲ್ಲಿ ಹಿಂದಿನ ಸಾಲು ಮುಂದಿನದಾಗುತ್ತದೆ. ಮಕ್ಕಳೆದುರು ಬರೀ ಗೋಡೆ. ನೋಡಿ ಮಾಡಲು ಯಾರೂ ಇಲ್ಲ. ಯಾರು ಕಲಿತಿದ್ದಾರೆ, ಯಾರು ನಕಲು ಮಾಡುತ್ತಿದ್ದರು ಎಂಬುದು ಅಲ್ಲಿ ಬಯಲಾಗುತ್ತದೆ. ಅವತ್ತು ಮಕ್ಕಳ ಸಾಲಿನಲ್ಲಿ ನಿಂತು ಗೋಡೆಗೆ ಮುಖ ಮಾಡಿದಾಗ ಎರಡನೇ ಗುದ್ದಿಗೆ ಬಲಗೈಯೋ ಎಡಗೈಯೋ ಎಂದು ಒಂದು ಗಳಿಗೆ ತಡವರಿಸಿದೆ. ಇಷ್ಟು ವರ್ಷ ಈ ಜಾಗದಲ್ಲಿ ನಾನು ನೋಡುತ್ತಿದ್ದುದು ಮಕ್ಕಳ ಬೆನ್ನನ್ನು!

ಪಕ್ಕದ ಹುಡುಗ ಅದನ್ನು ಗಮನಿಸಿದ. ನೀರು ಕುಡಿಯಲು ಬಿಟ್ಟಾಗ ಹತ್ತಿರ ಬಂದು, ‘ಸೆಂಪೈ ಆಂಟಿ, ಒಂದು ಕೈ ಹೊಡೆಯೋದಕ್ಕೆ. ಇನ್ನೊಂದು ಕೈ ಯಾಕೆ ಸೊಂಟಕ್ಕೆ ಎಳ್ಕೋಬೇಕು?’ ಎಂದ.

‘ಅದು ಹಿಕಿತೆ ಪುಟ್ಟ.’

‘ಹೆಸರು ಗೊತ್ತು. ಯಾಕೆ?’

ಹತ್ತು ವರ್ಷ ಆ ಕೈಯನ್ನು ಎಳೆದುಕೊಂಡಿದ್ದೇನೆ. ದಿನಕ್ಕೆ ನೂರು ಗುದ್ದು ಎಂದರೂ ಲಕ್ಷಗಟ್ಟಲೆ ಸಲ. ಉತ್ತರ ಹೊಳೆಯಲಿಲ್ಲ. ಬಲ ಬರುತ್ತದೆ ಎಂದೆ. ಹೇಗೆ ಎಂದ. ಎಂಜಿನಿಯರನ್ನು ಕೇಳಿದೆವು, ಅವರು ನ್ಯೂಟನ್ನನ ಮೂರನೇ ನಿಯಮ ತೆಗೆದರು, ತಾವೇ ಅದರಲ್ಲಿ ಸಿಕ್ಕಿಹಾಕಿಕೊಂಡರು. ಪಿಯುಸಿ ಹುಡುಗಿ ಬಂದು, ಎದುರಾಳಿಯ ಮಣಿಕಟ್ಟನ್ನೋ ತೋಳನ್ನೋ ಹಿಡಿದು ನಮ್ಮ ಕಡೆಗೆ ಎಳೆಯುವ ಕೈ ಅದು, ಖಾಲಿ ಕೈಯಲ್ಲ ಎಂದು ಹೇಳಿ, ನನ್ನ ತೋಳು ಹಿಡಿದು ಎಳೆದು ತೋರಿಸಿದಳು. ನಾನು ಅವಳ ಮುಷ್ಟಿಯ ಮೇಲೇ ಹೋಗಿ ಬೀಳುವವಳಿದ್ದೆ, ಮೂರು ಸೆಂಟಿಮೀಟರಿಗೆ ಮೊದಲು ಅವಳು ನಿಲ್ಲಿಸಿದಳು. ಹುಡುಗನಿಗೆ ಅರ್ಧ ಸಮಾಧಾನವಾಯಿತು. ‘ಹಿಡ್ಕೊಳ್ಳೋಕೆ ಯಾರೂ ಇಲ್ದೇ ಇದ್ರೂ ಯಾಕೆ ಎಳೀತೀವಿ?’ ಎಂಬುದು ಅವನ ಮುಂದಿನ ಪ್ರಶ್ನೆ. ಅಷ್ಟರಲ್ಲಿ ಮಾಸ್ಟರ್ ಚಪ್ಪಾಳೆ ತಟ್ಟಿದರು.

ಅವತ್ತು ಸಂಜೆ ಹಾಲಿನಲ್ಲಿ ನಿಂತು ಗಾಳಿಗೆ ಗುದ್ದುತ್ತಾ ಅದೇ ಯೋಚನೆಯಲ್ಲಿದ್ದೆ. ಅತ್ತೆ ಸೋಫಾದಿಂದ, ‘ಏನಮ್ಮ, ಮಜ್ಜಿಗೆ ಕಡೀತಿದೀಯಾ?’ ಎಂದರು. ತಮಾಷೆಯಲ್ಲ. ಅವರಿಗೆ ನಿಜವಾಗಿ ಹಾಗೆ ಕಂಡಿತ್ತು. ಕಂಬಕ್ಕೆ ಕಡೆಗೋಲು ಕಟ್ಟಿ, ಹಗ್ಗದ ಎರಡು ತುದಿ ಎರಡು ಕೈಯಲ್ಲಿ ಹಿಡಿದು ಮಜ್ಜಿಗೆ ಕಡೆಯುವಾಗ ಒಂದು ಕೈ ಎಳೆದಷ್ಟೂ ಇನ್ನೊಂದು ತಾನಾಗಿ ಮುಂದೆ ಹೋಗುತ್ತದೆ. ತಳ್ಳುವ ಕೈ ಎಂಬುದೇ ಅಲ್ಲಿಲ್ಲ, ಎಳೆಯುವ ಕೈ ಮಾತ್ರ. ‘ನಿನ್ನದು ಹಗ್ಗ ಸಡಿಲ ಇದೆ. ಎರಡು ಕೈನೂ ಒಂದೇ ಹೊತ್ತಿಗೆ ಮುಗೀಬೇಕು. ಇಲ್ದಿದ್ರೆ ಬೆಣ್ಣೆ ಬರಲ್ಲ’ ಎಂದು ಎದ್ದು ಬಂದು, ಊರುಗೋಲು ಗೋಡೆಗೆ ಒರಗಿಸಿ, ಎರಡು ಮುಷ್ಟಿ ಕಟ್ಟಿ ತೋರಿಸಿದರು. ಸೊಂಟ ತಾನಾಗಿ ತಿರುಗುತ್ತಿತ್ತು. ಯಾವ ದಾನ್‌ನವರೂ ತಪ್ಪು ಹುಡುಕಲಾರದ ಹಿಕಿತೆ.

ಮುಂದಿನ ಭಾನುವಾರ ಹುಡುಗನಿಗೆ ಮಜ್ಜಿಗೆಯ ಕತೆ ಹೇಳಿದೆ. ಅವನು ಕಡೆಗೋಲನ್ನು ನೋಡಿಯೇ ಇಲ್ಲ. ಮಜ್ಜಿಗೆ ಅವನಿಗೆ ಗೊತ್ತಿರುವುದು ಪ್ಯಾಕೆಟ್ಟಿನಲ್ಲಿ, ಬೆಣ್ಣೆ ದೋಸೆಯ ಮೇಲೆ. ಅವನ ಹಿಂದೆ ಇನ್ನೂ ಮೂವರು ಮಕ್ಕಳು ಸೇರಿದರು. ಬೇರೆ ದಾರಿ ಕಾಣದೆ ಸೊಂಟದ ಬೆಲ್ಟು ಬಿಚ್ಚಿದೆ. ಕ್ಲಾಸಿನೊಳಗೆ ಬೆಲ್ಟು ಬಿಚ್ಚುವುದು, ಅದರಲ್ಲೂ ಕಪ್ಪು ಬೆಲ್ಟು, ಸಣ್ಣ ಅಪರಾಧವಲ್ಲ. ಶೀಟಿಗೆ ಆಧಾರವಾಗಿದ್ದ ಕಬ್ಬಿಣದ ಕಂಬಕ್ಕೆ ಒಂದು ಸುತ್ತು ಹಾಕಿ ಎರಡು ತುದಿಯನ್ನೂ ಹುಡುಗನ ಕೈಗೆ ಕೊಟ್ಟೆ. ಎಳೆದ. ಇನ್ನೊಂದು ಕೈ ಮುಂದೆ ಹೋಯಿತು. ಮತ್ತೆ ಎಳೆದ. ಹತ್ತನೇ ಸಲಕ್ಕೆ ಸೊಂಟ ತಿರುಗಿತು. ಬಿಟಿಎಂ ಹುಡುಗರು ಬಂದು ತಮಗೂ ಒಂದು ಸರದಿ ಎಂದರು. ಒಡಿಶಾದವನು ಮಾತ್ರ, ‘ನಮ್ಮಜ್ಜಿ ಮನೆಯಲ್ಲಿ ಇದು ಇದೆ’ ಎಂದು ಹಿಂದಿಯಲ್ಲಿ ಹೇಳಿ ಬೆಲ್ಟಿನ ತುದಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

ಮಾಸ್ಟರ್ ನೋಡುತ್ತಿದ್ದರು. ಬೈಯಲಿಲ್ಲ. ‘ಸ್ಯಾಟಿನ್ ಆಗಿದ್ರೆ ಇವತ್ತೇ ಹರ್ದುಹೋಗ್ತಿತ್ತು’ ಎಂದರು. ನನ್ನದು ಕಾಟನ್.

ಫೆಬ್ರವರಿಯಿಂದ ಪಿಯುಸಿ ಹುಡುಗಿ ಬರಲಿಲ್ಲ. ಪರೀಕ್ಷೆ, ಅದಾದ ಮೇಲೆ ಸಿಇಟಿ. ಪ್ರವಾಹ ಎರಡು ವರ್ಷ ತಡವಾಗಿ ಬಂದು ಈ ಮರವನ್ನೂ ತೆಗೆದುಕೊಂಡಿತು ಎಂದುಕೊಂಡೆ. ಮೂರನೇ ದಾನ್‌ನವರು ಕೆಲಸದ ಮೇಲೆ ಪುಣೆಗೆ ಹೋಗಿದ್ದರು. ಇನ್ನಿಬ್ಬರಿಗೆ ಮದುವೆ ಓಡಾಟ. ಒಂದು ಭಾನುವಾರ ಸಾಲು ಕಟ್ಟಿದಾಗ ನನ್ನ ಬಲಕ್ಕೆ ಯಾರೂ ಇರಲಿಲ್ಲ. ಬಲತುದಿಯಲ್ಲಿರುವವರೇ ಕೂಗು ಕೊಡಬೇಕು: ಸೇಜಾ ಎಂದರೆ ಎಲ್ಲರೂ ಮಂಡಿಯೂರಿ ಕೂರಬೇಕು, ಮೊಕುಸೊ ಎಂದರೆ ಕಣ್ಣು ಮುಚ್ಚಬೇಕು. ಕಚೇರಿಯಲ್ಲಿ ನಲವತ್ತು ಜನರ ಸಭೆ ನಡೆಸುವ ನನ್ನ ಗಂಟಲಿನಿಂದ ಬಂದ ‘ಸೇಜಾ’ ಪಕ್ಕದ ಎಂಜಿನಿಯರಿಗಷ್ಟೇ ಕೇಳಿಸಿತು. ಅವರು ಕೂತರು, ಉಳಿದವರು ನಿಂತಿದ್ದರು. ಎಡತುದಿಯಿಂದ ಒಂದು ಸಣ್ಣ ದನಿ, ‘ಸೆಂಪೈ ಆಂಟಿ, ಜೋರಾಗಿ’ ಎಂದಿತು.

ಮೇ ತಿಂಗಳ ಎರಡನೇ ಭಾನುವಾರ ಅವಳು ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಮೂರು ತಿಂಗಳು ಬಿಟ್ಟ ಸಂಕೋಚಕ್ಕೋ ಏನೋ, ಸಾಲು ಕಟ್ಟುವಾಗ ಸುಮ್ಮನೆ ನನ್ನ ಎಡಕ್ಕೆ ಬಂದು ನಿಂತಳು. ಜ್ಯೇಷ್ಠತಾ ಪಟ್ಟಿ ನೋಡಿದ ಕಣ್ಣಿಗೆ ತಡೆಯಲಾಗಲಿಲ್ಲ. ಅರ್ಧ ಹೆಜ್ಜೆ ಹಿಂದೆ ಸರಿದು, ಬಲಕ್ಕೆ ಕೈ ತೋರಿಸಿ, ‘ನೀವು ಈ ಕಡೆ ಬನ್ನಿ’ ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ನನ್ನ ಹಿಂದಿನಿಂದ ಹಾದು ಬಲಕ್ಕೆ ಹೋಗಿ ನಿಂತು, ತಾರಸಿಯ ಶೀಟು ಅದುರುವ ಹಾಗೆ ‘ಸೇಜಾ’ ಎಂದಳು.

ಕ್ಲಾಸು ಮುಗಿದು ಮೆಟ್ಟಿಲಿಳಿದು ಗೇಟಿನ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದೆ: ‘ಪರೀಕ್ಷೆ ಹೇಗೆ ಬರೆದ್ಯೇ?’

‘ಕೆಮಿಸ್ಟ್ರಿ ಒಂದು ಕೇಳ್ಬೇಡಿ ಆಂಟಿ’ ಎಂದು ಶೂ ಲೇಸು ಕಟ್ಟಿಕೊಳ್ಳಲು ತನ್ನ ಚೀಲವನ್ನು ನನ್ನ ಕೈಗೆ ಕೊಟ್ಟಳು.